ಹೋಗುವಾಗ ಇಳಿಜಾರು, ಬರುವಾಗ ಏರು

ನಿದ್ದೆ ಮಾಡಿ ಸಂಬಳ ತೆಗೆದುಕೊಳ್ಳುವವರನ್ನು ನೀವು ಬೇಕಾದಷ್ಟು ಕಚೇರಿಗಳಲ್ಲಿ ನೋಡಿರುತ್ತೀರಿ. ಅದನ್ನೇ ಕಸುಬಾಗಿ, ಮಾಲೀಕರ ಕಣ್ಣೆದುರಿಗೇ, ಅವರ ಮೆಚ್ಚುಗೆಯೊಂದಿಗೆ ಮಾಡುತ್ತಿದ್ದವರು ನಮ್ಮ ಎದುರುಮನೆಯವರು ಒಬ್ಬರೇ. ಅವರು ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರರು. 'ಇದು ಮೆತ್ತಗಿದೆಯೇ?' ಎಂದು ಗಿರಾಕಿ ಕೇಳಿದರೆ ಬಾಯಲ್ಲಿ ಉತ್ತರ ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚಿ, ಒಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗೇ ವ್ಯಾಪಾರ ಕುದುರುತ್ತಿತ್ತು. ಕೆಲವು ಸಲ ವ್ಯಾಪಾರ ಮುಗಿದು, ಹಾಸಿಗೆಯನ್ನು ಗಾಡಿಗೆ ಏರಿಸುವ ಹೊತ್ತಿಗೂ ಅವರು ಎದ್ದಿರುತ್ತಿರಲಿಲ್ಲ. ಹೀಗಾಗಿ ಅವರಿಗೆ ಹಾಸಿಗೆರಾಯರು ಎಂದು ಹೆಸರಾಯಿತು. ಇಟ್ಟವರು ಯಾರೆಂದು ಕೇಳಬೇಡಿ, ನಾನೂ ಅದೇ ಕಟ್ಟಡದಲ್ಲಿ ಇನ್ನೂ ಬಾಳಬೇಕು.

ರಾಯರ ಹೆಂಡತಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹಾಕಿ, ಉಣಿಸಿ, ಪಾಠ ಒಪ್ಪಿಸಿಕೊಂಡು ಬೆಳೆಸಿದವಳು. ತಂಗಿಯ ಮದುವೆ ಮುಗಿದ ಮೇಲೆ ತಾನೂ ಮದುವೆಯಾಗಿ ಭೂಮಿಯ ಆ ಕಡೆಯ ಯಾವುದೋ ಊರಿಗೆ ಹೋದಳು. ನಮ್ಮ ಕಟ್ಟಡದಲ್ಲಿ ಅದನ್ನು ಎಲ್ಲರೂ 'ಅಕ್ಕನ ಊರು' ಎಂದೇ ಕರೆಯುತ್ತಿದ್ದೆವು. ಹೋದವಳಿಗೆ ಹನ್ನೊಂದು ವರ್ಷ ಈ ಕಡೆ ಬರಲಾಗಲಿಲ್ಲ. ಹಾಸಿಗೆ ಹಿಡಿದ ಅತ್ತೆ, ಬಿಡುವಿಲ್ಲದ ಕೆಲಸ, ಒಂದಲ್ಲ ಒಂದು ತಾಪತ್ರಯ. ಪ್ರತಿ ವರ್ಷವೂ ಫೋನಿನಲ್ಲಿ, "ಟಿಕೆಟ್ ನಾನು ಕಳಿಸ್ತೀನಿ, ಇಬ್ಬರೂ ಬನ್ರೋ," ಎನ್ನುತ್ತಿದ್ದಳು. ಪ್ರತಿ ವರ್ಷವೂ ರಾಯರು, "ಅಯ್ಯೋ, ಅಷ್ಟು ದೂರ ಯಾರು ಹೋಗ್ತಾರೆ?" ಎಂದು ಮಗ್ಗುಲು ಬದಲಾಯಿಸುತ್ತಿದ್ದರು. ನಿಜವೇನೆಂದರೆ, ತಮ್ಮ ದಿಂಬಲ್ಲದ ಬೇರೆ ದಿಂಬಿನ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. "ನೀನೊಬ್ಬಳೇ ಹೋಗಿ ಬಾ," ಎಂದರೆ ಹೆಂಡತಿ, "ನಿಮ್ಮನ್ನ ಬಿಟ್ಟು ಹೋದ್ರೆ ಅಕ್ಕ ಏನು ತಿಳ್ಕೋತಾಳೆ?" ಎನ್ನುತ್ತಿದ್ದಳು. ಅಲ್ಲಿಗೆ ಆ ವರ್ಷದ ಪ್ರಯಾಣ ಮುಗಿಯುತ್ತಿತ್ತು.

ಹೀಗಿರುವಾಗ ಹಾಸಿಗೆ ಅಂಗಡಿಯ ಪಕ್ಕದಲ್ಲಿ ವಿಮಾನದ ಟಿಕೆಟ್ ಮಾರುವ ಅಂಗಡಿಯೊಂದು ಹೊಸದಾಗಿ ತೆರೆಯಿತು. ಒಂದು ಮಧ್ಯಾಹ್ನ ರಾಯರು, ಅರ್ಧ ಎಚ್ಚರದಲ್ಲಿ, ಆ ಅಂಗಡಿಯ ಗಾಜಿನ ಬಾಗಿಲಿನ ಮುಂದೆ ನಿಂತರು. ಒಳಗೆ ತೂಗುಹಾಕಿದ ಫಲಕದಲ್ಲಿ ಅಕ್ಕನ ಊರಿನ ಹೆಸರಿತ್ತು. ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ತಲುಪುವುದು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ. ಅದರ ಕೆಳಗೆ ವಾಪಸು ಬರುವ ವಿಮಾನ: ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ತಲುಪುವುದು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ. ಇನ್ನೂ ಕೆಳಗೆ 'ಎಲ್ಲವೂ ಆಯಾ ಊರಿನ ಸಮಯ' ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಸಣ್ಣ ಅಕ್ಷರ ಓದುವುದು ರಾಯರ ಜಾಯಮಾನವಲ್ಲ.

ಅವತ್ತು ಸಂಜೆ ಕಟ್ಟಡದ ಬಾಗಿಲ ಬಳಿಯ ಬೆಂಚಿನಲ್ಲಿ ನಿವೃತ್ತ ರೈಲ್ವೆ ಗಾರ್ಡು ತಮ್ಮ ಪ್ರವಾಸ ಕಥನ ಬಿಚ್ಚಿದ್ದರು. ಹಗಲೂ ರಾತ್ರಿ ಓಡಿದ ರೈಲು, ದಾಟಿದ ಸೇತುವೆ, ಬೀಸಿದ ಬಾವುಟ. ಬಸ್ಸಿನ ಕೊನೆಯ ನಿಲ್ದಾಣದಾಚೆ ಕಾಲಿಡದ ರಾಯರಿಗೆ ಇದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು.

"ದೂರ ಅನ್ನೋದೆಲ್ಲ ಹಳೇ ಕಾಲದ ಮಾತು ಗಾರ್ಡು ಸಾಹೇಬ್ರೇ," ಎಂದುಬಿಟ್ಟರು. "ಅಕ್ಕನ ಊರಿಗೆ ಈಗ ಎರಡೇ ಗಂಟೆ."

"ಏನಂದ್ರಿ? ಅದು ಹದಿಮೂರು ಸಾವಿರ ಕಿಲೋಮೀಟ್ರು ಕಣ್ರೀ!"

"ಇರಲಿ ಬಿಡಿ. ಆಕಾಶದಲ್ಲಿ ಸ್ಟೇಷನ್ ಇದೆಯಾ?"

"ಇಲ್ಲ."

"ಸಿಗ್ನಲ್ ಇದೆಯಾ?"

"ಎಲ್ಲಿಂದ ಬರಬೇಕು?"

"ಎದುರಿಂದ ಗಾಡಿ ಬರುತ್ತೆ ಅಂತ ಕಾಡಿನ ಮಧ್ಯೆ ನಿಲ್ಲಿಸ್ತಾರಾ?"

ಗಾರ್ಡು ಸಾಹೇಬರ ನೌಕರಿಯ ಅರ್ಧ ಭಾಗ ಸಿಗ್ನಲಿಗೆ ಕಾಯುವುದರಲ್ಲೇ ಕಳೆದಿತ್ತು. ಕೊನೆಗೆ ಸೋಲೊಪ್ಪಲಾರದೆ, "ವಾಪಸ್ ಬರೋದಕ್ಕೆ ಎಷ್ಟೋ?" ಎಂದರು.

"ಇಪ್ಪತ್ತಾರು ಗಂಟೆ."

"ಅದ್ಹೇಗ್ರೀ?"

ರಾಯರು ಒಂದು ಕ್ಷಣ ಕಣ್ಣು ಮುಚ್ಚಿದರು. ಮಹಾನ್ ಸಿದ್ಧಾಂತಗಳೆಲ್ಲ ಹೀಗೆ ಕಣ್ಣು ಮುಚ್ಚಿದಾಗಲೇ ಹುಟ್ಟುತ್ತವೆ. "ಭೂಮಿ ಗುಂಡಗಿದೆ ಅಲ್ವಾ? ಹೋಗುವಾಗ ಇಳಿಜಾರು, ಬರುವಾಗ ಏರು."

"ಅದು ಸರಿ," ಎಂದರು ಗಾರ್ಡು, ಗಂಭೀರವಾಗಿ ತಲೆದೂಗಿ. "ಏರು ಸಿಕ್ಕಿದ್ರೆ ನಾವೂ ಹಿಂದೆ ಇನ್ನೊಂದು ಎಂಜಿನ್ ಹಾಕಿಸ್ತಿದ್ವಿ."

ಸುದ್ದಿಗೆ ಕಾಲಿಲ್ಲ ಎನ್ನುವವರು ನಮ್ಮ ಕಟ್ಟಡದ ಮೆಟ್ಟಿಲು ನೋಡಿಲ್ಲ. ರಾಯರು ಏದುಸಿರು ಬಿಡುತ್ತ ಮೂರನೇ ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿ ಅಡುಗೆಮನೆಯಲ್ಲಿ ಕೂತಿತ್ತು.

"ಎರಡೇ ಗಂಟೆಯಂತೆ?" ಎಂದಳು ಹೆಂಡತಿ, ಕೈಯಲ್ಲಿದ್ದ ತಟ್ಟೆ ಒರೆಸುತ್ತ.

"ಯಾವುದು?"

"ಅಕ್ಕನ ಊರು."

ಆಗ ರಾಯರಿಗೆ ತಾವು ಬೆಂಚಿನ ಮೇಲೆ ಕೂತು ತೋಡಿದ ಗುಂಡಿ ಯಾರಿಗೆಂದು ಹೊಳೆಯಿತು.

"ನಾನು ಮಾರ್ಕೆಟ್ಟಿಗೆ ಹೋಗಿ ಬಸ್ಸಿಗೆ ಕಾದು ಬರೋಕೇ ಎರಡು ಗಂಟೆ ಬೇಕು ರೀ. ಅಷ್ಟು ಹತ್ತಿರದಲ್ಲಿ ನನ್ನಕ್ಕ ಇದ್ದಾಳೆ. ಹನ್ನೊಂದು ವರ್ಷ ಆಯ್ತು ನಾನು ಅವಳ ಮುಖ ನೋಡಿ."

"ಹಾಗಲ್ಲ ಕಣೇ..."

"ಎರಡು ಗಂಟೆ ಹೌದೋ, ಅಲ್ವೋ?"

ಇಲ್ಲಿ ಒಂದು 'ಅಲ್ಲ' ಅಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಎದುರು ಬಾಗಿಲಲ್ಲಿ ನಾನಿದ್ದೆ. ಮೆಟ್ಟಿಲಲ್ಲಿ ಗಾರ್ಡು ಸಾಹೇಬರಿದ್ದರು. ಅವರ ಹಿಂದೆ, ಕೈಯಲ್ಲಿ ಅಳತೆಪಟ್ಟಿ ಹಿಡಿದೇ ಓಡಿಬಂದ ಕೆಳಮನೆಯ ಟೈಲರಮ್ಮ. ಇಷ್ಟು ಜನರ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ವಿಮಾನ ಹತ್ತುವುದೇ ವಾಸಿ ಎಂದು ರಾಯರಿಗೆ ತೋರಿರಬೇಕು.

"ಹೌದು," ಎಂದರು.

ಆಕೆ ಸ್ಟೂಲು ಹತ್ತಿ, ಅಟ್ಟದಲ್ಲಿದ್ದ ಸೂಟ್‌ಕೇಸನ್ನು ಇಳಿಸಿ, ಧೂಳು ಹೊಡೆದಳು.

ಮರುದಿನ ಬೆಳಿಗ್ಗೆ ಮಾವನವರು ಬಂದರು. ಊರಿನ ಇನ್ನೊಂದು ತುದಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟವರು, ಮಾತು ಕಡಿಮೆ. ಕುರ್ಚಿಯಲ್ಲಿ ಕೂತು, ನೀರು ಕುಡಿದು, ಶುರುಮಾಡಿದರು.

"ಅಳಿಯಂದ್ರೇ, ನಿಮ್ಮ ಮನೆಗೆ ಬರೋಕೆ ನಾನು ಎರಡು ಬಸ್ಸು ಬದಲಾಯಿಸಬೇಕು. ಇವತ್ತು ಎರಡೂವರೆ ಗಂಟೆ ಹಿಡೀತು. ಅಂದ್ರೆ ನಿಮಗಿಂತ ನನ್ನ ದೊಡ್ಡ ಮಗಳೇ ನನಗೆ ಹತ್ತಿರ ಇದ್ದಾಳೆ! ಇದನ್ನ ಇಷ್ಟು ವರ್ಷ ಬಚ್ಚಿಟ್ಟಿದ್ದೀರಲ್ಲ?"

"ಬಚ್ಚಿಡೋಕೆ ಅದೇನು ನಿಧೀನಾ ಮಾವ? ನನಗೂ ನಿನ್ನೇನೇ ಗೊತ್ತಾಗಿದ್ದು," ಎಂದರು ರಾಯರು.

ಗಾರ್ಡು ಸಾಹೇಬರು, ಕರೆಯದೆ ಬಂದವರು, ಒಂದು ಕೊಕ್ಕೆ ಹಾಕಿದರು. "ಅಲ್ಲಾ, ಭೂಮಿಯ ಆ ಕಡೆ ಅಂದ್ರೆ ಅಲ್ಲಿನ ಗಡಿಯಾರ ಬೇರೆ ಇರಬೇಕಲ್ಲ?"

"ಬಾಯಿ ಇದ್ದೋನು ಊರೆಲ್ಲ ಸುತ್ತಿ ಬರ್ತಾನಂತೆ. ಕೇಳೇಬಿಡೋಣ," ಎಂದು ರಾಯರು ಅಲ್ಲೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಅಕ್ಕಾ, ನಿಮ್ಮ ಗಡಿಯಾರದಲ್ಲಿ ಈಗ ಎಷ್ಟು ಗಂಟೆ?"

"ಹತ್ತು. ಯಾಕಪ್ಪಾ, ಎಲ್ಲರೂ ಚೆನ್ನಾಗಿದೀರಾ?"

ಎಲ್ಲರೂ ಒಟ್ಟಿಗೆ ಗೋಡೆ ನೋಡಿದೆವು. ಹತ್ತು. ಮುಳ್ಳು ಕೂಡ ಆಚೀಚೆ ಇಲ್ಲ. ಗಾರ್ಡು ಸಾಹೇಬರು ತಮ್ಮ ಕೈಗಡಿಯಾರವನ್ನು ಕಿವಿಗಿಟ್ಟು ನೋಡಿದರು.

"ನಾವು ಬರ್ತಾ ಇದೀವಿ ಅಕ್ಕಾ. ಟಿಕೆಟ್ ಕಳಿಸಿ," ಎಂದರು ರಾಯರು, ಗೆದ್ದ ಉತ್ಸಾಹದಲ್ಲಿ.

ಆ ಕಡೆಯಿಂದ ಮೂಗೆಳೆಯುವ ಸದ್ದು. "ಮಲಗೋ ಹೊತ್ತಲ್ಲಿ ಎಂಥ ಸುದ್ದಿ ಕೊಟ್ಟೆಯಪ್ಪಾ! ಇನ್ನು ನನಗೆ ನಿದ್ದೆ ಬಂದ ಹಾಗೇ!"

ಫೋನಿಟ್ಟ ರಾಯರ ಮುಖ ನೋಡಬೇಕಿತ್ತು. "ಬೆಳಿಗ್ಗೆ ಹತ್ತು ಗಂಟೆಗೆ ಮಲಗ್ತಾರಂತೆ!" ಎಂದರು ಮೆಲ್ಲಗೆ. "ಎಂಥ ಊರು ಅದು!"

ಅಂದಿನಿಂದ ಅವರಿಗೆ ಆ ಊರಿನದೇ ಕನಸು. ಬೆಂಚಿನ ಮೇಲೆ ಕೂತು, ಕಣ್ಣು ಅರೆಮುಚ್ಚಿ, ನೋಡಿ ಬಂದವರ ಹಾಗೆ ವರ್ಣಿಸತೊಡಗಿದರು. ಅಲ್ಲಿ ಬೆಳಗಿನ ಹತ್ತು ಹೊಡೆಯುತ್ತಲೇ ಅಂಗಡಿಗಳ ಬಾಗಿಲುಗಳು ಸದ್ದಿಲ್ಲದೆ ಇಳಿಯುತ್ತವೆ. ಬಸ್ಸುಗಳು ಮರದ ನೆರಳು ನೋಡಿ ನಿಲ್ಲುತ್ತವೆ. ಡ್ರೈವರು ಸ್ಟಿಯರಿಂಗಿಗೆ ಕೆನ್ನೆ ಕೊಡುತ್ತಾನೆ, ಕಂಡಕ್ಟರು ಕೊನೆಯ ಸೀಟಿನಲ್ಲಿ ಕಾಲು ಚಾಚುತ್ತಾನೆ. ಕಚೇರಿಗಳಲ್ಲಿ ಸಾಹೇಬರೇ ಎದ್ದು ಬಂದು ಗುಮಾಸ್ತರಿಗೆ ಹೊದಿಕೆ ಹೊದಿಸುತ್ತಾರೆ. ಇಡೀ ಊರು ಮಲಗಿದಾಗ ಗಾಳಿ ಕೂಡ ತುದಿಗಾಲಲ್ಲಿ ಓಡಾಡುತ್ತದೆ. ಕೇಳುತ್ತ ಕೇಳುತ್ತ ಗಾರ್ಡು ಸಾಹೇಬರು ಎರಡು ಸಲ ಆಕಳಿಸಿದರು, ಟೈಲರಮ್ಮ ಗೋಡೆಗೆ ಒರಗಿ ಗೊರಕೆ ಹೊಡೆದರು. ನಾನೂ ಆ ಸಂಜೆ ಮನೆಗೆ ಹೇಗೆ ಬಂದೆನೆಂದು ಸರಿಯಾಗಿ ಹೇಳಲಾರೆ.

ಟಿಕೆಟ್ಟುಗಳು ಬಂದವು. ರಾಯರು ಮಾಲೀಕರ ಮುಂದೆ ನಿಂತು ಒಂದು ತಿಂಗಳ ರಜೆ ಕೇಳಿದರು.

"ರಜೆ ಯಾಕೆ?" ಎಂದರು ಮಾಲೀಕರು. "ಎರಡೇ ಗಂಟೆ ಅಂತ ನೀನೇ ಊರೆಲ್ಲ ಹೇಳಿದೀಯ. ನಮ್ಮ ಲೆಕ್ಕ ಬರೆಯೋನು ದಿನಾ ಎರಡು ಗಂಟೆ ಬಸ್ಸಲ್ಲಿ ಬರ್ತಾನೆ. ಅವನು ರಜೆ ಕೇಳ್ತಾನಾ? ಅಲ್ಲಿಂದಲೇ ಓಡಾಡು."

"ಹೋಗೋದು ಎರಡು ಗಂಟೆ ಸಾರ್. ಬರೋದು ಇಪ್ಪತ್ತಾರು. ಏರು."

ಮಾಲೀಕರು ಬೆರಳು ಮಡಿಚಿ ಎಣಿಸಿದರು. "ಹಾಗಾದ್ರೆ ದಿನ ಬಿಟ್ಟು ದಿನ ಬಾ."

"ಸಾರ್..."

"ಇರು, ಇರು." ಮಾಲೀಕರ ಕಣ್ಣು ಫ್ಯಾನಿನ ಮೇಲೆ ನೆಟ್ಟಿತ್ತು. "ಬೆಳಿಗ್ಗೆ ಹತ್ತಕ್ಕೇ ಮಲಗೋ ಊರು ಅಂದೆ. ಅಂದ್ರೆ ನಮ್ಮೂರಿಗಿಂತ ದುಪ್ಪಟ್ಟು ಹಾಸಿಗೆ ಸವೀತದೆ! ಇಲ್ಲಿ ಬೆಳಿಗ್ಗೆ ತುಂಬಿದ್ದು ಅಲ್ಲಿ ಮಧ್ಯಾಹ್ನಕ್ಕೆ ಹಾಸಬಹುದು. ಒಂದು ಬ್ರಾಂಚು ತೆರೆಯೋಣ ಕಣಯ್ಯಾ!"

ಹೀಗೆ ರಜೆ ಕೇಳಲು ಹೋದವರು ವಿದೇಶಿ ಶಾಖೆಯ ಮುಖ್ಯಸ್ಥರಾಗಿ ಹೊರಬಂದರು. ಸಂಬಳ ಮಾತ್ರ ಹಳೆಯದೇ.

ಹೊರಡುವ ದಿನ ಟೈಲರಮ್ಮ ತಮ್ಮ ದೊಡ್ಡ ಕತ್ತರಿ ತಂದುಕೊಟ್ಟರು. ಅಲ್ಲಿ ಸಾಣೆ ಚೆನ್ನಾಗಿ ಹಿಡಿಯುತ್ತಾರಂತೆ, ಹೋಗುತ್ತ ಬರುತ್ತ ಆಗುತ್ತದಲ್ಲ ಎಂದರು. ಅದನ್ನು ರಾಯರು ಕೈಚೀಲದಲ್ಲೇ ಇಟ್ಟುಕೊಂಡರು. ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ ಮೊದಲು ಕತ್ತರಿ ಎತ್ತಿ ನೋಡಿದರು, ಆಮೇಲೆ ರಾಯರನ್ನು.

"ಇದು ಯಾತಕ್ಕೆ?"

"ಸಾಣೆ ಹಿಡಿಸೋಕೆ."

"ಇದಕ್ಕೆ ಅಷ್ಟು ದೂರ ಹೋಗ್ತೀರಾ?"

"ಎಲ್ಲಿ ದೂರ ಸಾರ್? ಎರಡೇ ಗಂಟೆ."

ಅಧಿಕಾರಿ ಪಕ್ಕದವರನ್ನು ಕರೆದರು. ಪಕ್ಕದವರು ಅವರ ಮೇಲಿನವರನ್ನು ಕರೆದರು. ಮೂವರೂ ಸೇರಿ, ರಾಯರು ಕಂಕುಳಲ್ಲಿ ಅವುಚಿಕೊಂಡಿದ್ದ ದಿಂಬನ್ನು ಯಂತ್ರದೊಳಗೆ ಎರಡು ಸಲ ಓಡಿಸಿದರು.

"ಇದರಲ್ಲಿ ಏನಿದೆ?"

"ನನ್ನ ನಿದ್ದೆ ಸಾರ್," ಎಂದರು ರಾಯರು, ದೀನವಾಗಿ.

ಅಂಥ ಉತ್ತರಕ್ಕೆ ಅವರ ನಿಯಮದಲ್ಲಿ ಕಲಮು ಇರಲಿಲ್ಲವೋ ಏನೋ. ಕತ್ತರಿ ಇಟ್ಟುಕೊಂಡು ದಿಂಬನ್ನು ಬಿಟ್ಟರು.

ವಿಮಾನದೊಳಗೆ ನಡೆದದ್ದನ್ನು ಗಂಡ ಹೆಂಡತಿ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡರಲ್ಲೂ ಹೊಂದಿಕೆಯಾಗುವುದನ್ನಷ್ಟೇ ಇಲ್ಲಿ ಕೊಡುತ್ತೇನೆ. ಹತ್ತಕ್ಕೆ ಸರಿಯಾಗಿ ವಿಮಾನ ಎದ್ದಿತು. ತಿಂಡಿ ಬಂತು, ತಿಂದರು. ಕೈಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ರಾಯರು ಎದ್ದು, ಮೇಲಿನ ಗೂಡಿನಿಂದ ಚೀಲ ಇಳಿಸಿ, ದಿಂಬು ಕಂಕುಳಲ್ಲಿಟ್ಟುಕೊಂಡು, ಬಾಗಿಲ ಹತ್ತಿರ ಹೋಗಿ ನಿಂತರು. ಬಸ್ಸಿನಲ್ಲಿ ಮೊದಲೇ ಎದ್ದು ನಿಲ್ಲದಿದ್ದರೆ ಇಳಿಯಲು ಬಿಡುವುದಿಲ್ಲವೆಂಬುದು ಅವರ ಅನುಭವ.

"ಎಲ್ಲಿಗೆ ಸರ್?" ಎಂದು ಗಗನಸಖಿ ಕೇಳಿದಳು.

"ಇಳಿಯೋಕಮ್ಮ."

"ಕೆಳಗೆ ಸಮುದ್ರ ಇದೆ ಸರ್."

"ಅದು ದಾಟಿದ ಮೇಲೆ?"

"ದಾಟಿದ ಮೇಲೂ ಇನ್ನೊಂದು ಸಮುದ್ರ ಇದೆ. ತಲುಪೋಕೆ ಇನ್ನೂ ಹನ್ನೆರಡು ಗಂಟೆ ಬೇಕು. ದಯವಿಟ್ಟು ಕೂತ್ಕೊಳ್ಳಿ."

ರಾಯರು ಚೀಲ, ದಿಂಬು, ಮುಖ ಮೂರನ್ನೂ ಹೊತ್ತು ವಾಪಸು ಬಂದರು.

"ಏನಂತೆ?" ಎಂದಳು ಹೆಂಡತಿ.

"ಸ್ವಲ್ಪ ತಡ ಆಗುತ್ತಂತೆ. ಆಕಾಶದಲ್ಲೂ ಸಿಗ್ನಲ್ ಇಟ್ಟಿದ್ದಾರೆ ಅಂತ ಕಾಣುತ್ತೆ."

ಆಮೇಲೆ ವಿಚಿತ್ರವೊಂದು ನಡೆಯಿತು. ಎಷ್ಟು ಹೊತ್ತಾದರೂ ಹೊತ್ತೇ ಏರಲಿಲ್ಲ. ವಿಮಾನವೂ ಸೂರ್ಯನೂ ಒಂದೇ ದಿಕ್ಕಿಗೆ ಹೊರಟಿದ್ದರಿಂದ ಕಿಟಕಿಯಾಚೆ ಅದೇ ಬೆಳಗಿನ ಬಿಸಿಲು, ಹೋದಲ್ಲೆಲ್ಲ ಅದೇ ಬೆಳಗು. ಕೆಳಗೆ ಮೋಡಗಳು, ಹಿಂಜಿಟ್ಟ ಅರಳೆಯ ಹಾಗೆ, ಕಣ್ಣು ಹಾಯುವವರೆಗೂ. ಇಷ್ಟು ಅರಳೆಯನ್ನು ಹೊಲಿಗೆಯಿಲ್ಲದೆ ಹಾಸಿದವರು ಯಾರೆಂದು ರಾಯರು ಬೆರಗಾಗಿ ನೋಡಿದರು. ಊಟ ಬಂತು. ಊಟವಾದ ಮೇಲೂ ಬೆಳಗು. ನಿದ್ದೆ ಹೋದರು, ಎದ್ದರು. ಇನ್ನೊಂದು ಊಟ ಬಂತು. ಆಗಲೂ ಬೆಳಗು. ಮುಂದಿನ ಸೀಟಿನವರ ಗಡ್ಡ ಕೂಡ ಬೆಳೆದ ಹಾಗೆ ಅವರಿಗೆ ಕಾಣಿಸಿತು. ಗಡಿಯಾರದ ಮುಳ್ಳು ಮಾತ್ರ ಯಾವುದೋ ಬೇರೆ ದಿನವನ್ನು ಸುತ್ತುತ್ತಿತ್ತು. ಎಚ್ಚರವೋ ಕನಸೋ ತಿಳಿಯದ ಆ ಬೆಳಕಿನಲ್ಲಿ, ಎಷ್ಟನೆಯದೋ ನಿದ್ದೆಯಿಂದ ಎದ್ದು ಪಕ್ಕಕ್ಕೆ ತಿರುಗಿದರು. ಹೆಂಡತಿ ಕಣ್ಣು ಮುಚ್ಚಿರಲಿಲ್ಲ. ಕೈ ಕಟ್ಟಿಕೊಂಡು, ನೆಟ್ಟಗೆ ಕೂತು, ಮುಂದೆ ನೋಡುತ್ತಿದ್ದಳು.

ರಾಯರಿಗೆ ಇನ್ನು ತಡೆಯಲಾಗಲಿಲ್ಲ. "ಲೇ, ಒಂದು ಮಾತು. ಇದು ಎರಡು ಗಂಟೆ ಅಲ್ಲ ಕಣೇ."

"ಹದಿನಾಲ್ಕು," ಎಂದಳು.

"ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಕ್ಕ ಹೋದ ದಿನ, ತಲುಪಿದೆ ಅಂತ ಅವಳು ಫೋನ್ ಮಾಡೋವರೆಗೂ ನಾನು ಕೂತ ಜಾಗ ಬಿಟ್ಟು ಎದ್ದಿರಲಿಲ್ಲ. ನೀವು ಮಲಗಿದ್ರಿ."

ರಾಯರು ದಿಂಬನ್ನು ಮಡಿಲಲ್ಲಿ ಒತ್ತಿಕೊಂಡರು. "ಹಾಗಾದ್ರೆ ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮಕ್ಕ..."

"ಅಲ್ಲಿ ರಾತ್ರಿ ಹತ್ತು ರೀ."

ಒಂದು ಇಡೀ ಊರು, ಅದರ ಬಸ್ಸು, ನೆರಳು, ಹೊದಿಕೆ ಸಮೇತ, ರಾಯರ ಕಣ್ಣೆದುರಿಗೇ ಎದ್ದು ಕೂತು ಕೆಲಸಕ್ಕೆ ಹೊರಟಿತು. ಅವರಿಗೆ ನಿಜವಾಗಿಯೂ ದುಃಖವಾಯಿತು.

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ಎಲ್ಲರ ಮುಂದೆ ನನ್ನನ್ನ ಪೆದ್ದ ಮಾಡಿದೆಯಲ್ಲ!"

"ಹದಿನಾಲ್ಕು ಗಂಟೆ ಅಂದಿದ್ರೆ ನೀವು ಹೊರಡ್ತಿದ್ರಾ?"

ರಾಯರು ದಿಂಬಿನ ಗವಸು ಸರಿಮಾಡಿದರು.

"ಎರಡು ಗಂಟೆ ಅಂತ ಊರಿಗೆಲ್ಲ ಸಾರಿಬಿಟ್ಟಿರಿ. ಇನ್ನು ನಿಮಗೆ ಯಾವ ನೆಪ ಉಳಿದಿತ್ತು? ನನಗೆ ಅಕ್ಕನ್ನ ನೋಡಬೇಕಿತ್ತು ರೀ. ಅಷ್ಟೇ." ಅವಳು ಕಟ್ಟಿಕೊಂಡಿದ್ದ ಕೈ ಬಿಡಿಸಿದಳು. "ಹನ್ನೊಂದು ವರ್ಷ ನೀವು 'ದೂರ' ಅಂದಾಗಲೆಲ್ಲ ನಾನು 'ಹೂಂ' ಅಂದಿದ್ದೆ. ನೀವು ಒಂದು ಸಲ 'ಹತ್ತಿರ' ಅಂದ್ರಿ. ಅದಕ್ಕೂ 'ಹೂಂ' ಅಂದೆ."

ರಾಯರಿಗೆ ಏನನ್ನಿಸಿತೋ, ತಮ್ಮ ದಿಂಬನ್ನು ತಟ್ಟಿ ಮೆತ್ತಗೆ ಮಾಡಿ ಹೆಂಡತಿಯ ತಲೆಯ ಹಿಂದೆ ಇಟ್ಟರು. ಹಾಗೆ ಆ ದಿಂಬನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅವರ ಜನ್ಮದಲ್ಲೇ ಮೊದಲು. ಆಕೆ ನಿದ್ದೆ ಮಾಡಲಿಲ್ಲ. ರಾಯರೂ ಮಾಡಲಿಲ್ಲ. ಮುಗಿಯದ ಆ ಬೆಳಗಿನಲ್ಲಿ ಇಬ್ಬರೂ ಸುಮ್ಮನೆ ಕೂತಿದ್ದರು.

ವಿಮಾನ ಇಳಿಯಿತು. ಉದ್ದನೆಯ ಹಜಾರ ದಾಟಿ ಹೊರಬರುವ ಬಾಗಿಲಲ್ಲಿ ಒಂದು ದೊಡ್ಡ ಗಡಿಯಾರವಿತ್ತು. ಅದರಲ್ಲಿ ಹನ್ನೆರಡು ದಾಟಿ ಸ್ವಲ್ಪವೇ ಆಗಿತ್ತು. ಹೊರಗೆ ನೆತ್ತಿಯ ಮೇಲೆ ಸೂರ್ಯ. ರಾಯರ ಬಾಯಿಗೆ ಏನೋ ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡರು.

ಕಟಕಟೆಯ ಆಚೆ ಒಬ್ಬ ಹೆಂಗಸು ನಿಂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು, ತಂಗಿಗಿಂತ ಗಿಡ್ಡವಾಗಿದ್ದಳು. ಮೊದಲು ಇಬ್ಬರಿಗೂ ಗುರುತು ಹತ್ತಲಿಲ್ಲ. ಆಮೇಲೆ ತಂಗಿ ಸೂಟ್‌ಕೇಸನ್ನು ನಡುದಾರಿಯಲ್ಲೇ ಬಿಟ್ಟು ಓಡಿದಳು. ಹಿಂದೆ ಬರುತ್ತಿದ್ದವರೆಲ್ಲ ಅದನ್ನು ಸುತ್ತಿಕೊಂಡು ಹೋಗಬೇಕಾಯಿತು. ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ಕೂದಲು ಸವರಿಕೊಂಡರು, ಮತ್ತೆ ಅತ್ತರು. ಕೊನೆಗೆ ಅಕ್ಕ ತಂಗಿಯ ಗಲ್ಲ ಎತ್ತಿ ಹಿಡಿದಳು.

"ಕಣ್ಣೆಲ್ಲ ಕೆಂಪಾಗಿದೆಯಲ್ಲೇ. ತುಂಬಾ ದೂರ ಆಯ್ತಾ?"

"ಇಲ್ಲ ಅಕ್ಕಾ," ಎಂದಳು ತಂಗಿ. "ಎರಡೇ ಗಂಟೆ."

ಸೂಟ್‌ಕೇಸು ದೂಡಿಕೊಂಡು ಬಂದ ಹಾಸಿಗೆರಾಯರು, ತೂಕಡಿಸುವ ಕಣ್ಣುಗಳನ್ನು ಕಷ್ಟಪಟ್ಟು ತೆರೆದು, ಹೌದು ಹೌದು ಎಂದು ತಲೆಯಾಡಿಸಿದರು.